ಬರೀ ನೀರಿನ ಸಾಲು

ಕರುಣೆ ದೊಡ್ಡ ಗುಣ ಎಂದು ಮೊದಲು ಹೇಳಿದವರು ಯಾರೋ ನನಗೆ ಗೊತ್ತಿಲ್ಲ. ಆದರೆ ಅವರು ನಮ್ಮ ಮನೆಯ ಹಿತ್ತಿಲಲ್ಲಿ ಎಲೆಕೋಸು ಬೆಳೆದವರಲ್ಲ, ಅಷ್ಟನ್ನು ಮಾತ್ರ ಬರೆದುಕೊಡಬಲ್ಲೆ. ಬೆಳೆದಿದ್ದರೆ ಆ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ನನ್ನ ಗಂಡನಿಗೆ ಕರುಣೆ ಇದೆ. ನನ್ನ ಅತ್ತೆಗೆ ಅದಕ್ಕಿಂತ ಒಂದು ಕೈ ಹೆಚ್ಚಿದೆ. ಈ ಇಬ್ಬರು ಕರುಣಾಳುಗಳ ನಡುವೆ ಸಿಕ್ಕಿ ನನ್ನ ವಿಜ್ಞಾನ ಹೇಗೆ ನುಜ್ಜುಗುಜ್ಜಾಯಿತು ಎಂಬುದನ್ನು ಯಾರಿಗಾದರೂ ಹೇಳಿಕೊಳ್ಳದಿದ್ದರೆ ನನಗೆ ಊಟ ಸೇರುವುದಿಲ್ಲ.

ನಾನು ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. (ಅತಿಥಿಗೆ ಅಲ್ಲಿ ಸಿಗುವ ಸತ್ಕಾರವೆಂದರೆ ಯಾರಿಗೂ ಬೇಡದ ಕುರ್ಚಿ ಮತ್ತು ಯಾರಿಗೂ ಬೇಡದ ಮಧ್ಯಾಹ್ನದ ಕೊನೆಯ ತರಗತಿ.) ಕಾಲೇಜಿನ ಹಿಂದೆ ಹಾಸ್ಟೆಲ್, ಹಾಸ್ಟೆಲಿನ ಹಿಂದೆ ಅದರ ಅಡುಗೆಮನೆಗೆಂದೇ ತರಕಾರಿ ಬೆಳೆಯುವ ತೋಟ. ತೋಟದ ಉಸ್ತುವಾರಿ ನಮ್ಮ ವಿಭಾಗದ ಮುಖ್ಯಸ್ಥರದು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಏನನ್ನೇ ಆದರೂ ಗೇಣು ದೂರದಿಂದ ನೋಡುವ ಅಭ್ಯಾಸ ಅವರಿಗೆ. ಹೀಗಾಗಿ ಹುಡುಗಿಯರು ಅವರಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದಾರೆ. ತೋಟದಲ್ಲಿ ಒಂದು ಹುಳು ಭೂತಗನ್ನಡಿಯವರ ಕಣ್ಣಿಗೆ ಬಿದ್ದರೆ ಸಾಕು, ಅಂಗಡಿಯಿಂದ ನೀಲಿ ಮುಚ್ಚಳದ ಬಾಟಲಿ ಬರುತ್ತದೆ. ಅದರ ಹಿಂದೆಯೇ ಮೂಗಿಗೆ ಬಟ್ಟೆ ಕಟ್ಟಿಕೊಂಡ ಒಬ್ಬ ಮನುಷ್ಯ ಬರುತ್ತಾನೆ, ಬೆನ್ನಿಗೆ ಡಬ್ಬಿ ಏರಿಸಿಕೊಂಡು ಬುಸ್ ಬುಸ್ ಎಂದು ಸಾಲಿನುದ್ದಕ್ಕೂ ನಡೆಯುತ್ತಾನೆ.

ಒಂದು ಬೆಳಿಗ್ಗೆ ಅವನು ಹೀಗೆ ನಡೆದು ಹೋದದ್ದನ್ನು ನೋಡಿದೆ. ಅದೇ ಸಂಜೆ ಹುಡುಗಿಯೊಬ್ಬಳು ಆ ಎಲೆಕೋಸಿನ ಸಾಲಿನಿಂದ ಒಂದು ಎಳೆಯ ಎಲೆ ಮುರಿದು, ಅಂಗಿಯ ತೋಳಿಗೆ ಒರೆಸಿ, ಪುಸ್ತಕದಿಂದ ಕಣ್ಣು ತೆಗೆಯದೆ ತಿಂದದ್ದನ್ನೂ ನೋಡಿದೆ. ಅವಳ ಹಲ್ಲಿನ ಕೆಳಗೆ ಎಲೆ ಮುರಿದ ಸದ್ದು ನನ್ನ ಕಿವಿಯಲ್ಲಿ ಹಾಗೇ ಉಳಿದುಬಿಟ್ಟಿತು.

ಮರುದಿನ ಸ್ಟಾಫ್ ರೂಮಿನಲ್ಲಿ ಬಾಯಿ ತೆರೆದೆ.

"ಸರ್, ಬೇವು, ಬೆಳ್ಳುಳ್ಳಿ, ಮೆಣಸಿನಕಾಯಿ ಅರೆದು ಕಷಾಯ ಮಾಡಿ ಹೊಡೆದರೂ ಹುಳ ದೂರ ಇರುತ್ತೆ. ಹುಡುಗಿಯರು ತಿನ್ನೋದಕ್ಕೆ ಆ ಬಾಟಲಿ ಯಾಕೆ?"

ಭೂತಗನ್ನಡಿಯವರ ಕನ್ನಡಕ ಇಳಿಯಿತು. "ಹುಳಕ್ಕೆ ಮೆಣಸಿನಕಾಯಿ ಖಾರ ಅಂತ ನಿಮಗೆ ಯಾರು ಹೇಳಿದ್ರು? ಹುಳ ಹೇಳ್ತಾ?"

"ಪುಸ್ತಕದಲ್ಲಿದೆ ಸರ್."

"ಪುಸ್ತಕ ನಾನೂ ಓದಿದ್ದೀನಮ್ಮ. ನನಗೆ ಸಾಲು ತೋರಿಸಿ. ಒಂದು ಸಾಲಿಗೆ ನಿಮ್ಮ ಕಷಾಯ, ಪಕ್ಕದ ಸಾಲಿಗೆ ಬರೀ ನೀರು. ಬೇರೆಲ್ಲಾ ಒಂದೇ ಇರಬೇಕು. ನಿಮ್ಮ ಮನೇಲೇ ಮಾಡಿ. ಕೋಸು ಗಡ್ಡೆ ಕಟ್ಟೋ ಹೊತ್ತಿಗೆ ನಾನೇ ಬಂದು ಕಣ್ಣಾರೆ ನೋಡ್ತೀನಿ. ವ್ಯತ್ಯಾಸ ಕಂಡ್ರೆ ಹಾಸ್ಟೆಲ್ ತೋಟ ನಿಮ್ಮ ಕೈಗೆ, ಬಾಟಲಿ ಬಂದ್. ಕಾಣದಿದ್ರೆ ಈ ವಿಷಯ ಈ ರೂಮಲ್ಲಿ ಮತ್ತೆ ಎತ್ತಬಾರದು."

ಆ ಎಲೆ ತಿಂದ ಹುಡುಗಿಯನ್ನು ನೆನೆದು ಒಪ್ಪಿಕೊಂಡೆ. (ನನ್ನ ಜಂಭವೂ ಪಕ್ಕದಲ್ಲಿ ನಿಂತು ತಲೆಯಾಡಿಸಿತು, ಅದನ್ನು ಮುಚ್ಚಿಡುವುದಿಲ್ಲ.)

ನಮ್ಮ ಹಿತ್ತಿಲು ದೊಡ್ಡದೇನಲ್ಲ. ಅಡುಗೆಮನೆಯ ಬಾಗಿಲು ತೆರೆದರೆ ಒಂದು ನಲ್ಲಿ, ಪಾತ್ರೆ ತೊಳೆಯುವ ಕಟ್ಟೆ, ಬಟ್ಟೆ ಒಣಹಾಕುವ ತಂತಿ. ಅದರಾಚೆ ಗೋಡೆಯವರೆಗೆ ಎರಡು ಸಾಲಿಗೆ ಸರಿಹೋಗುವಷ್ಟು ಮಣ್ಣು. ಎಲೆಕೋಸಿನ ಸಸಿ ತಂದು ನೆಟ್ಟೆ. ಬೆಳಗಿನ ಬಿಸಿಲು ಗೋಡೆ ದಾಟಿ ಇಳಿಯುವಾಗ ಮೊದಲು ಅವುಗಳನ್ನೇ ಮುಟ್ಟುತ್ತಿತ್ತು. ನೀರು ಚಿಮುಕಿಸಿದರೆ ಒಂದು ಹನಿಯೂ ಆ ಎಲೆಗೆ ಅಂಟುತ್ತಿರಲಿಲ್ಲ. ಬೆಳ್ಳಿಯ ಗುಂಡಾಗಿ ಉರುಳಿ, ಎಲೆಗಳ ನಡುವಿನ ಕುಳಿಗೆ ಹೋಗಿ, ಅಲ್ಲಿ ಆಕಾಶದ ಒಂದು ಚೂರನ್ನು ಇಟ್ಟುಕೊಂಡು ಕೂರುತ್ತಿತ್ತು. ಅದನ್ನು ನೋಡುತ್ತಾ ನಿಂತು ಕಾಲೇಜಿಗೆ ತಡವಾಗಿ ಹೋದದ್ದುಂಟು.

ಇನ್ನು ಮನೆಯ ಜನ. ನನ್ನ ಗಂಡನದು ಕನ್ನಡಕದ ಅಂಗಡಿ. ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮಟದಲ್ಲಿ ಹಿಡಿದು ಕೂರಿಸುವುದು, ಬಂದವರನ್ನು ಅಕ್ಷರದ ಹಲಗೆಯ ಮುಂದೆ ಕೂರಿಸಿ "ಈಗ? ಈಗ?" ಎಂದು ಕೇಳುವುದು ಅವರ ಕಸುಬು. ಅತ್ತೆ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತರಾದವರು. ಕೆಲಸದಲ್ಲಿದ್ದಷ್ಟು ಕಾಲವೂ ಕೊನೆಯ ಬೆಂಚಿನ ಮಕ್ಕಳನ್ನು ಶಾಲೆ ಬಿಟ್ಟ ಮೇಲೆ ಮನೆಗೆ ಕರೆತಂದು ಮಗ್ಗಿ ಬಾಯಿಪಾಠ ಮಾಡಿಸಿದ್ದಾರೆ. ಮುಂದಿನ ಬೆಂಚಿನವರು ಹೇಗೂ ಪಾಸಾಗುತ್ತಾರೆ, ಅವರಿಗೆ ನಾನು ಯಾಕೆ ಬೇಕು ಎಂಬುದು ಅವರ ಸಿದ್ಧಾಂತ. ಕೇಳಲು ಒಳ್ಳೆಯ ಸಿದ್ಧಾಂತ. ಕೋಸಿಗೆ ಮಾತ್ರ ಅದನ್ನು ಹಚ್ಚಬಾರದು.

ಇಬ್ಬರನ್ನೂ ಸಾಲಿನ ಮುಂದೆ ನಿಲ್ಲಿಸಿ ವಿಧಿವತ್ತಾಗಿ ತಿಳಿಸಿದೆ. "ಇದು ಮೊದಲನೇ ಸಾಲು, ಇದಕ್ಕೆ ಕಷಾಯ. ಅದು ಎರಡನೇ ಸಾಲು, ಅದಕ್ಕೆ ಬರೀ ನೀರು. ನಾನು ಬಿಟ್ಟು ಯಾರೂ ಮುಟ್ಟಬಾರದು."

"ಅದಕ್ಕೆ ಹುಳ ಬಂದ್ರೆ?" ಅತ್ತೆ ಕೇಳಿದರು.

"ಬರಲಿ ಅತ್ತೆ. ಬರಬೇಕು."

"ಬರಬೇಕಾ?"

"ಅದಕ್ಕೆ ಬಂದು ಇದಕ್ಕೆ ಬರದಿದ್ರೆ ತಾನೇ ನನ್ನ ಕಷಾಯ ಕೆಲಸ ಮಾಡ್ತು ಅನ್ನೋದು ಗೊತ್ತಾಗೋದು? ಅದು ಹೋಲಿಸಿ ನೋಡೋಕೆ ಇಟ್ಟಿರೋ ಸಾಲು."

ಅತ್ತೆ ಎರಡನೇ ಸಾಲನ್ನೇ ನೋಡುತ್ತಾ ನಿಂತರು. ಒಂದೊಂದು ಸಸಿಯ ಹಾಜರಿ ತೆಗೆದುಕೊಳ್ಳುವಂತಿತ್ತು ಆ ನೋಟ. "ಒಂದೇ ದಿನ ನೆಟ್ಟಿದ್ದು, ಒಂದೇ ಮಣ್ಣು. ಅವಕ್ಕೆ ಔಷಧ, ಇವಕ್ಕೆ ಹುಳ. ಇವು ಏನಮ್ಮ ತಪ್ಪು ಮಾಡಿದ್ವು?"

"ತಪ್ಪು ಮಾಡೋಕೆ ಅವು ಮಕ್ಕಳಲ್ಲ ಅತ್ತೆ, ಕೋಸು."

"ಕೋಸಿಗೆ ಜೀವ ಇಲ್ವಾ? ನೀನೇ ತಾನೇ ಕಾಲೇಜಲ್ಲಿ ಇದೆ ಅಂತ ಪಾಠ ಮಾಡೋದು?"

"ಬಿಡಮ್ಮ, ಅದು ವಿಜ್ಞಾನ. ನಮಗೆ ಅರ್ಥ ಆಗಲ್ಲ," ಎಂದರು ನನ್ನ ಗಂಡ. ದನಿ ನನ್ನ ಕಡೆ, ಕಣ್ಣು ಅಮ್ಮನ ಕಡೆ. ಒಂದೇ ವಾಕ್ಯದಲ್ಲಿ ಎರಡು ಪಕ್ಷಕ್ಕೂ ಮತ ಹಾಕುವ ಈ ವಿದ್ಯೆಯನ್ನು ಗಂಡಂದಿರಿಗೆ ಯಾವ ಕಾಲೇಜಿನಲ್ಲಿ ಹೇಳಿಕೊಡುತ್ತಾರೋ ಗೊತ್ತಿಲ್ಲ. ಅಲ್ಲಿ ಅತಿಥಿ ಉಪನ್ಯಾಸಕರು ಬೇಕಾಗುವುದಿಲ್ಲವೆಂದು ಕಾಣುತ್ತದೆ.

ಕಷಾಯ ಮಾಡುವ ದಿನ ಅಡುಗೆಮನೆ ನನ್ನ ಪ್ರಯೋಗಶಾಲೆಯಾಯಿತು. ಅತ್ತೆ ಮೊದಲೇ ಗಡಿ ಗುರುತಿಸಿದ್ದರು: ದಿನವೂ ಬಳಸುವ ಮಿಕ್ಸಿ ಜಾರಿಗೆ ಬೇವು ಸೋಕಬಾರದು. ಅಟ್ಟದಿಂದ ಮುಚ್ಚಳ ಸೀಳಿದ ಹಳೆಯ ಜಾರನ್ನು ಇಳಿಸಿಕೊಟ್ಟರು. ಬೇವಿನ ಎಲೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ತುಂಬಿ ಗುಂಡಿ ತಿರುಗಿಸಿದೆ. ಮುಚ್ಚಳದ ಸೀಳಿನಿಂದ ಹೊರಟ ಘಾಟು ಮೊದಲು ನನ್ನ ಕಣ್ಣಿಗೆ, ಆಮೇಲೆ ಗಂಟಲಿಗೆ, ಅಲ್ಲಿಂದ ಗೋಡೆ ದಾಟಿ ನಡುಮನೆಗೆ ಹೋಯಿತು. ಅಲ್ಲಿ ಕನ್ನಡಕವೊಂದಕ್ಕೆ ತಿರುಪು ಕೂರಿಸುತ್ತಿದ್ದ ನನ್ನ ಗಂಡ ಸೀನಿದರು. ತಿರುಪು ಎಲ್ಲಿಗೆ ಹಾರಿತೋ ಇವತ್ತಿಗೂ ಸಿಕ್ಕಿಲ್ಲ.

"ಹುಳ ಓಡಿಸೋಕೆ ಮುಂಚೆ ನಮ್ಮನ್ನ ಓಡಿಸ್ತೀಯಾ?" ಎಂದು ಅಲ್ಲಿಂದಲೇ ಕೂಗಿದರು.

"ನಿಮಗೇ ಇಷ್ಟಾದ್ರೆ ಹುಳಕ್ಕೆ ಎಷ್ಟಾಗಬೇಡ ಲೆಕ್ಕ ಹಾಕಿ," ಎಂದೆ ಕೆಮ್ಮುತ್ತಾ. ನನಗೆ ಒಳಗೊಳಗೇ ಹಿಗ್ಗು.

ಅರೆದದ್ದನ್ನು ನೆನೆಹಾಕಿ, ತೆಳು ಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿದೆ. ಎಲೆಯ ಮೇಲೆ ಹನಿ ನಿಲ್ಲುವುದಿಲ್ಲವಲ್ಲ, ಅಂಟಲೆಂದು ಒಂದಿಷ್ಟು ಸೋಪು ತುರಿದು ಹಾಕಿದೆ. ಬಾಟಲಿಗೆ ತುಂಬಿ ಮೊದಲನೇ ಸಾಲಿಗೆ ಮೇಲೆ ಕೆಳಗೆ ಸಿಂಪಡಿಸಿ, ಎರಡನೇ ಸಾಲಿಗೆ ಬರೀ ನೀರು ಕೊಟ್ಟು ಗಡಿಯಾರ ನೋಡಿದರೆ ಕಾಲೇಜಿಗೆ ಹೊತ್ತಾಗಿತ್ತು.

"ನೀನು ಹೊರಡು. ಜಾರು, ಬಟ್ಟೆ, ಪಾತ್ರೆ ಎಲ್ಲಾ ನಾನು ತೊಳೀತೀನಿ," ಎಂದರು ಅತ್ತೆ.

ಎಂಥ ಅತ್ತೆ ಸಿಕ್ಕರು ಎಂದು ಎದೆ ತುಂಬಿ ಬಂತು. ಎದೆ ತುಂಬಿ ಬರುವಾಗ ಬುದ್ಧಿ ಎದ್ದು ಹೊರಗೆ ಹೋಗುತ್ತದೆ, ಅದೇ ತೊಂದರೆ. ಸೊಂಟ ನೋವೆಂದು ತಮ್ಮ ತಟ್ಟೆಯನ್ನೇ ಬಗ್ಗಿ ತೊಳೆಯದವರು ನನ್ನ ಬೇವಿನ ಪಾತ್ರೆಗೆ ಯಾಕೆ ಬಗ್ಗಿದರು ಎಂದು ನಾನು ಕೇಳಿಕೊಳ್ಳಬೇಕಿತ್ತು.

ಅಂದಿನಿಂದ ಕಷಾಯ ಮಾಡಿದಾಗಲೆಲ್ಲ ಇದೇ ಕ್ರಮ. ನಾನು ಅರೆಯುವುದು, ಅವರು ತೊಳೆಯುವುದು.

ಬಿಳಿ ಚಿಟ್ಟೆಗಳು ಬಂದವು. ಗೋಡೆಯ ಮೇಲಿಂದ ಕಾಗದದ ಚೂರುಗಳಂತೆ ತೇಲಿಬಂದು ಕೋಸಿನ ಮೇಲೆ ಕೂತು ಏಳುತ್ತಿದ್ದವು. ನೋಡಲು ಎಷ್ಟು ಚಂದವೆಂದರೆ, ಅವು ಮೊಟ್ಟೆ ಇಡಲು ಬಂದಿವೆ ಎಂಬುದು ಮರೆತುಹೋಗುತ್ತಿತ್ತು. ಮೊಟ್ಟೆ ಒಡೆದು ಹಸಿರು ಹುಳುಗಳು ಬಂದವು. ನನಗೆ ಸಂತೋಷವೇ ಆಯಿತು. ಇನ್ನು ನೋಡಿ ಎಂದು ಮನಸ್ಸಿನಲ್ಲೇ ಭೂತಗನ್ನಡಿಯವರಿಗೆ ಸವಾಲು ಹಾಕಿದೆ. ಆಮೇಲೆ ನೋಡಿದೆ. ತೂತು ಬಿದ್ದದ್ದು ಮೊದಲನೇ ಸಾಲಿಗೆ. ನನ್ನ ಕಷಾಯ ಕುಡಿದ ಸಾಲಿಗೆ.

ಎರಡನೇ ಸಾಲು ಮದುವೆಗೆ ಹೊರಟಂತೆ ನಿಂತಿತ್ತು. ಒಂದು ಎಲೆಯೂ ಹರಿದಿಲ್ಲ.

ಆ ಸಂಜೆ ಗಂಡನನ್ನು ಸಾಲಿನ ಮುಂದೆ ನಿಲ್ಲಿಸಿದೆ. "ನಿಜ ಹೇಳ್ರಿ. ಯಾವುದು ಚೆನ್ನಾಗಿದೆ, ಇದಾ ಅದಾ?"

ಅವರು ಕಸುಬಿನವರಂತೆ ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಕಣ್ಣು ಮುಚ್ಚಿ ನೋಡಿದರು. "ಎರಡೂ ಚೆನ್ನಾಗಿದೆ. ಅದು ಸ್ವಲ್ಪ... ಇನ್ನೂ ಸ್ಪಷ್ಟವಾಗಿ ಚೆನ್ನಾಗಿದೆ."

"ನಾನು ಔಷಧ ಹಾಕಿದ್ದು ಇದಕ್ಕೆ."

"ಅದೇ ನೋಡು," ಎಂದು ಅವರು ಒಳಗೆ ನಡೆದುಬಿಟ್ಟರು. ಏನನ್ನು ನೋಡಬೇಕಿತ್ತು ಎಂದು ಹೇಳಲಿಲ್ಲ.

ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಯಾರ ಮೇಲೆ ಎಂದು ಕೇಳಿದರೆ, ಹುಳುಗಳ ಮೇಲೆ. ಒಂದು ಕಡೆ ಬೇವು, ಬೆಳ್ಳುಳ್ಳಿ, ಮೆಣಸಿನಕಾಯಿ, ಸೋಪು ಸೇರಿದ ಎಲೆ. ಇನ್ನೊಂದು ಕಡೆ ಹಾಲಿನಂಥ ಎಳೆ ಎಲೆ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ತಿನ್ನುವ ಜಂತುವಿಗೆ ನಾಲಿಗೆ ಬೇಡ, ಕನಿಷ್ಠ ಮರ್ಯಾದೆಯಾದರೂ ಬೇಡವೇ? ಮುಂದಿನ ಸಲ ಮೆಣಸಿನಕಾಯಿ ಎರಡರಷ್ಟು ಹಾಕಿದೆ. ಹುಳು ಕಡಿಮೆಯಾಗಲಿಲ್ಲ. ಬೆಳ್ಳುಳ್ಳಿ ಎರಡರಷ್ಟು ಮಾಡಿದೆ. ನಮ್ಮ ಬಾಗಿಲ ಮುಂದೆ ಹಾದುಹೋಗುವವರು ತಲೆಯೆತ್ತಿ ಮೂಗೆಳೆದು ನೋಡತೊಡಗಿದರು, ಕಾಲೇಜಿನಲ್ಲಿ ಹುಡುಗಿಯರು ನಾನು ಹತ್ತಿರ ಹೋದರೆ ಉಸಿರು ಹಿಡಿದು ಸಂಶಯ ಕೇಳುತ್ತಿದ್ದರು, ಹುಳು ಮಾತ್ರ ಕಡಿಮೆಯಾಗಲಿಲ್ಲ. ಕೊನೆಗೆ ನೀರು ಬೆರೆಸುವುದನ್ನೇ ಬಿಟ್ಟು, ಸೋಪನ್ನು ಗಟ್ಟಿಯಾಗಿ ಕಲಸಿ, ಸೋಸಿದ ರಸವನ್ನು ಹಾಗೆಹಾಗೇ ಸುರಿದೆ. ಮಧ್ಯಾಹ್ನದ ಬಿಸಿಲಿಗೆ ಎಲೆಗಳ ಅಂಚು ಕಂದಾಯಿತು, ಆಮೇಲೆ ಮುದುರಿತು, ಆಮೇಲೆ ಸುಟ್ಟ ಕಾಗದದ ಹಾಗೆ ಪುಡಿಪುಡಿಯಾಯಿತು.

ಅತ್ತೆ ಒಮ್ಮೆ ಕಟ್ಟೆಯ ಬಳಿಯಿಂದ ಹೇಳಿದರು: "ಸ್ವಲ್ಪ ಜಾಸ್ತಿ ಆಯ್ತೇನೋ ನೋಡಮ್ಮ. ಒಳ್ಳೇ ಮಕ್ಕಳಿಗೂ ಜಾಸ್ತಿ ಹೊಡೆದ್ರೆ ಮೊಂಡು ಬೀಳ್ತಾರೆ."

"ನನ್ನ ಪ್ರಯೋಗದ ವಿಷಯ ನನಗೆ ಬಿಡಿ ಅತ್ತೆ."

"ಬಿಟ್ಟೆ," ಎಂದರು ಅವರು, ಬಹಳ ಬೇಗ. ಅಷ್ಟು ಬೇಗ ಅವರು ಯಾವತ್ತೂ ಏನನ್ನೂ ಬಿಟ್ಟವರಲ್ಲ.

ಭೂತಗನ್ನಡಿಯವರು ಒಂದು ರಜೆಯ ಬೆಳಿಗ್ಗೆ ಬಂದರು. ನಾನು ಅವರನ್ನು ಬಾಗಿಲಲ್ಲೇ ಮಾತಿನಲ್ಲಿ ಹಿಡಿದಿಡಲು ನೋಡಿದೆ. ಟೀ ಎಂದೆ, ಆಮೇಲೆ ಎಂದರು. ಕೂತುಕೊಳ್ಳಿ ಎಂದೆ, ಸಾಲು ಎಲ್ಲಿ ಎಂದರು. ಮೂವರೂ ಅವರ ಹಿಂದೆ ಹಿತ್ತಿಲಿಗೆ ನಡೆದೆವು, ನಾನು ಎಲ್ಲರಿಗಿಂತ ಹಿಂದೆ.

ಅವರು ಎರಡು ಸಾಲಿನ ನಡುವೆ ನಿಂತು ಒಂದು ಕಡೆ ನೋಡಿದರು, ಇನ್ನೊಂದು ಕಡೆ ನೋಡಿದರು. ಎರಡನೇ ಸಾಲಿನಲ್ಲಿ ಕೋಸುಗಳು ದುಂಡಗೆ, ಬಿಗಿಯಾಗಿ, ಒಂದರ ಪಕ್ಕ ಒಂದು ಕೂತಿದ್ದವು.

"ಭೇಷ್," ಎಂದರು. "ಒಪ್ಪಿದೆ ಕಣಮ್ಮ. ಇಷ್ಟು ವ್ಯತ್ಯಾಸ ನಾನು ನಿರೀಕ್ಷೆ ಮಾಡಿರಲಿಲ್ಲ. ನಿಮ್ಮ ಕಷಾಯ ಗಟ್ಟಿ ಇದೆ."

ಆ ಕ್ಷಣ ಸುಮ್ಮನಿದ್ದರೆ ತೋಟ ನನ್ನದಾಗುತ್ತಿತ್ತು. ನಾಲಿಗೆಯ ತುದಿಯವರೆಗೆ ಬಂದ ಮೌನವನ್ನು ನುಂಗಿ ಹೇಳಿದೆ: "ಸರ್, ಅದು ಬರೀ ನೀರಿನ ಸಾಲು. ಕಷಾಯದ್ದು ಇದು. ಈ... ಸುಟ್ಟಿರೋದು."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನಂಬರ್ ಸರಿಯಾಗಿದೆ ಸರ್," ಎಂದರು ನನ್ನ ಗಂಡ. "ಹೋದ ತಿಂಗಳು ನಾನೇ ನೋಡಿ ಕೊಟ್ಟಿದ್ದು."

ನನ್ನ ಇಡೀ ಬಾಳಿನಲ್ಲಿ ಅಷ್ಟು ಬೇಡವಾದ ಮಾತನ್ನು ಬೇರೆ ಯಾರೂ ಆಡಿಲ್ಲ.

ಭೂತಗನ್ನಡಿಯವರು ಎರಡನೇ ಸಾಲಿನ ಮೊದಲ ಕೋಸಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಎಲೆ ಸರಿಸಿದರು. ಇನ್ನೂ ಬಗ್ಗಿದರು. ಮೂಗು ಎಲೆಗೆ ತಾಗುವಷ್ಟು ಬಗ್ಗಿ, ಅಲ್ಲೇ ಸ್ವಲ್ಪ ಹೊತ್ತು ಇದ್ದರು.

"ಬರೀ ನೀರು ಅಂದ್ರಲ್ಲ?"

"ಹೌದು ಸರ್. ನಲ್ಲಿ ನೀರು."

"ನಿಮ್ಮ ನಲ್ಲೀಲಿ ಬೆಳ್ಳುಳ್ಳಿ ಬರುತ್ತಾ?"

ಅತ್ತೆ ತಂತಿಯ ಕಡೆ ತಿರುಗಿ, ಒಣಗಿ ಕಟ್ಟಿಗೆಯಾಗಿದ್ದ ಟವೆಲನ್ನು ಬಹಳ ಶ್ರದ್ಧೆಯಿಂದ ಬಿಡಿಸಿ ಹರಡತೊಡಗಿದರು.

"ಅತ್ತೆ."

"ಏನಮ್ಮ?"

"ಈ ಸಾಲಿಗೆ ಏನಾದ್ರೂ ಹಾಕಿದ್ರಾ?"

"ನಾನೆಲ್ಲಿ ಹಾಕ್ದೆ? ಜಾರು ತೊಳೆದೆ. ಬಟ್ಟೆ ಹಿಂಡಿದೆ. ತೊಳೆದ ನೀರು ಎಲ್ಲಾದ್ರೂ ಚೆಲ್ಲಬೇಕಲ್ಲ."

"ಮೋರಿ ಇತ್ತಲ್ಲ ಅತ್ತೆ ಪಕ್ಕದಲ್ಲೇ."

"ಮೋರಿಗೆ ಹುಳ ಹತ್ತಿತ್ತಾ?"

"ಮುಟ್ಟಬೇಡಿ ಅಂತ ಹೇಳಿದ್ದೆ ನಾನು."

"ಮುಟ್ಟಲಿಲ್ಲ. ದೂರ ನಿಂತು ಚಿಮುಕಿಸಿದೆ." ಟವೆಲು ಬಿಟ್ಟು ನನ್ನ ಕಡೆ ತಿರುಗಿದರು. ಈಗ ಅವರ ದನಿಯಲ್ಲಿ ಸ್ವಲ್ಪವೂ ಅಳುಕಿರಲಿಲ್ಲ. "ನೀನು ಅವಕ್ಕೆ ಅಷ್ಟು ಮಾಡೋದು, ಇವು ಪಕ್ಕದಲ್ಲಿ ನಿಂತು ನೋಡೋದು. ಎಷ್ಟು ದಿನ ಅಂತ ನೋಡಲಿ? ಮಿಕ್ಕಿದ್ದು ಕೊಟ್ಟೆ. ಮಿಕ್ಕಿದ್ದೇ ತಾನೇ, ನಿನ್ನ ಪಾಲಿಂದ ಕಿತ್ತುಕೊಂಡೆನಾ?"

ಭೂತಗನ್ನಡಿಯವರು ಇನ್ನೂ ಕೂತೇ ಇದ್ದರು. ಎರಡನೇ ಕೋಸಿಗೆ ಸರಿದರು, ಮೂರನೆಯದಕ್ಕೆ ಸರಿದರು. "ಅದು ಸರಿ. ಆದ್ರೂ ತೊಳೆದ ನೀರಿಗೆ ಇಷ್ಟು ಶಕ್ತಿ ಇರಲ್ಲ. ಒಂದು ಹುಳ ಇಲ್ಲ, ಒಂದು ಮೊಟ್ಟೆ ಇಲ್ಲ. ಎಲೆ ಅಡಿ ಕೂಡ ಒರೆಸಿಟ್ಟ ಹಾಗಿದೆ."

ನನ್ನ ಗಂಡ ಆಕಾಶ ನೋಡುತ್ತಿದ್ದರು. ಅಲ್ಲಿ ಮೋಡವೂ ಇರಲಿಲ್ಲ, ಹಕ್ಕಿಯೂ ಇರಲಿಲ್ಲ.

"ರೀ."

"ಹೂಂ."

"ನೀವೇನು ಮಾಡಿದ್ರಿ?"

"ನಾನೇನು ಮಾಡ್ಲಿ? ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಕೊಂಡು ಇಲ್ಲಿ ನಿಂತಿರ್ತೀನಲ್ಲ. ಕಣ್ಣಿಗೆ ಬೀಳುತ್ತೆ. ಸಣ್ಣದು ಕಾಣೋದೇ ನನ್ನ ಕೆಲಸ. ಅಮ್ಮ ಬೇರೆ ಪಾಪ ಅಂತಿದ್ರು. ಎತ್ತಿಬಿಡ್ತಿದ್ದೆ."

"ಕೈಯಲ್ಲಿ?"

ಅವರು ಅಂಗಿಯ ಜೇಬಿನಿಂದ ಚಿಮಟ ತೆಗೆದು ತೋರಿಸಿದರು. ತಿರುಪು ಹಿಡಿಯುವ ಚಿಮಟ. "ಇದರಲ್ಲಾದ್ರೆ ಅವಕ್ಕೆ ನೋವಾಗಲ್ಲ."

"ಎತ್ತಿ ಏನ್ಮಾಡಿದ್ರಿ?"

"ಸಾಯಿಸೋಕೆ ಮನಸ್ಸು ಬರಲಿಲ್ಲ ಕಣೇ."

"ಏನ್ಮಾಡಿದ್ರಿ ಅಂತ ಕೇಳ್ದೆ."

"ಆ ಸಾಲಿನ ಮೇಲೆ ಬಿಟ್ಟೆ."

"ನನ್ನ ಸಾಲಿನ ಮೇಲಾ?"

"ಅಲ್ಲಿ ನಿನ್ನ ಔಷಧ ಇತ್ತಲ್ಲ. ಹೇಗೂ ನೀನು ನೋಡ್ಕೋತೀಯ ಅಂದ್ಕೊಂಡೆ. ಆಸ್ಪತ್ರೆಗೆ ಸೇರಿಸಿದ ಹಾಗೆ. ನಿನ್ನ ಕಷಾಯದ ಮೇಲೆ ನನಗೆ ಅಷ್ಟು ನಂಬಿಕೆ."

ಓದುವವರೇ, ನೀವೇ ಹೇಳಿ. ಎರಡು ಸಾಲಿನ ಹುಳುಗಳನ್ನೂ ಒಂದೇ ಸಾಲಿಗೆ ತಂದು ಸುರಿದು, ಅದಕ್ಕೆ ನಂಬಿಕೆ ಎಂದು ಹೆಸರಿಟ್ಟರೆ ಹೆಂಡತಿಯಾದವಳು ಏನು ಮಾಡಬೇಕು? ಬೈದರೆ ನಂಬಿಕೆಯನ್ನು ಬೈದಂತೆ. ಸುಮ್ಮನಿದ್ದರೆ ನಾನೇ ಸುಟ್ಟು ಹೋಗುವಂತೆ. ಅವರು ದಿನವೂ ನಸುಕಿಗೆ ಎದ್ದು ಹಲ್ಲುಜ್ಜುತ್ತಾ ನನ್ನ ಸಾಲಿಗೆ ರೋಗಿಗಳನ್ನು ಭರ್ತಿ ಮಾಡುವುದು, ನಾನು ಆ ರೋಗಿಗಳನ್ನು ನೋಡಿ ಮೆಣಸಿನಕಾಯಿ ಹೆಚ್ಚಿಸುವುದು, ಹೆಚ್ಚಿಸಿದ ಜಾರನ್ನು ಅತ್ತೆ ತೊಳೆದು ಹದವಾಗಿ ತೆಳ್ಳಗೆ ಮಾಡಿ ಎದುರು ಪಕ್ಷಕ್ಕೆ ಹಂಚುವುದು. ಇಷ್ಟು ಸುಸೂತ್ರವಾಗಿ ಈ ಮನೆಯಲ್ಲಿ ಬೇರೆ ಯಾವ ಕೆಲಸವೂ ನಡೆದಿಲ್ಲ.

ಭೂತಗನ್ನಡಿಯವರು ಮೊಣಕಾಲು ಹಿಡಿದು ಎದ್ದರು. ಮುಖ ಆ ಕಡೆ ತಿರುಗಿಸಿಕೊಂಡಿದ್ದರು, ಹೆಗಲು ಮಾತ್ರ ಅಲ್ಲಾಡುತ್ತಿತ್ತು.

"ಸರ್, ಒಂದು ಗೊತ್ತಾಯ್ತಲ್ಲ," ಎಂದೆ. ಸೋಲುವಾಗಲೂ ಶಾಸ್ತ್ರ ಬಿಡಬಾರದು. "ಕಷಾಯ ತೆಳ್ಳಗಿದ್ರೆ ಕೆಲಸ ಮಾಡುತ್ತೆ."

"ನಿಮ್ಮ ಯಜಮಾನರ ಚಿಮಟ ಕೆಲಸ ಮಾಡುತ್ತೆ ಅಂತಾನೂ ಹೇಳಬಹುದು. ಇಲ್ಲಿ ಏನೂ ಸಾಬೀತಾಗಿಲ್ಲಮ್ಮ."

ಅವರು ಹೇಳಿದ್ದು ಸರಿಯಾಗಿತ್ತು. ಎಲೆ ಒರೆಸಿಕೊಂಡು ತಿನ್ನುವ ಆ ಹುಡುಗಿಗೆ ನಾನು ಒಂದು ಹಿತ್ತಿಲಿನಷ್ಟು ಸಾಕ್ಷಿಯನ್ನೂ ತಂದುಕೊಡಲಾಗಲಿಲ್ಲ.

ನನ್ನ ಮುಖ ನೋಡಿಯೋ, ಅಥವಾ ಅತ್ತೆ ಅಷ್ಟರಲ್ಲಿ ಎರಡನೇ ಸಾಲಿನ ಒಂದು ಕೋಸನ್ನು ಕೊಯ್ದು ಅವರ ಕೈಗೆ ಕೊಟ್ಟದ್ದಕ್ಕೋ, ಭೂತಗನ್ನಡಿಯವರು ಹೊರಡುತ್ತಾ ಬಾಗಿಲಲ್ಲಿ ನಿಂತರು. "ಈ ಒಂದು ಬೆಳೆಗೆ ಬಾಟಲಿ ತರಿಸಲ್ಲ. ಹಾಸ್ಟೆಲ್ ತೋಟದಲ್ಲೇ ಇನ್ನೊಂದು ಸಲ ಮಾಡಿ, ತೆಳ್ಳಗೆ. ಎಲ್ಲಾ ಸಾಲಿಗೂ ನಿಮ್ಮ ಕಷಾಯ, ಒಂದು ಸಾಲಿಗೆ ಬರೀ ನೀರು. ಆ ಒಂದು ಸಾಲನ್ನ ಹುಳ ತಿಂದು ಮಿಕ್ಕಿದ್ದು ಉಳಿದ್ರೆ ತೋಟ ನಿಮ್ಮದು. ಆದ್ರೆ ಆ ಸಾಲಿಗೆ ಕಾವಲಿರಬೇಕು. ಯಾರೂ ಹತ್ತಿರ ಸುಳೀಬಾರದು."

"ಕಾವಲಿಗೆ ಯಾರು ಸರ್?"

ಅವರು ಅತ್ತೆಯನ್ನು ನೋಡಿದರು. ನನ್ನ ಗಂಡನನ್ನು ನೋಡಿದರು. ಕೊನೆಗೆ ಕನ್ನಡಕ ಇಳಿಸಿ ನನ್ನನ್ನು ನೋಡಿದರು. "ಈ ಮನೇಲಿ ಕಲ್ಲೆದೆಯವರು ನೀವೊಬ್ಬರೇ ಕಾಣ್ತೀರಿ."

ಹಾಗಾಗಿ ಈಗ ನನ್ನ ಸಂಜೆಗಳೆಲ್ಲ ಹಾಸ್ಟೆಲ್ ತೋಟದಲ್ಲಿ. ಕೊನೆಯ ತರಗತಿ ಮುಗಿದ ಕೂಡಲೇ ಅಡುಗೆಮನೆಯಿಂದ ಒಂದು ಸ್ಟೂಲು ತಂದು ಬರೀ ನೀರಿನ ಸಾಲಿನ ತಲೆಯಲ್ಲಿ ಹಾಕಿಕೊಂಡು ಕೂರುತ್ತೇನೆ. ಮಿಕ್ಕ ಸಾಲುಗಳು ತೆಳ್ಳನೆಯ ಕಷಾಯ ಕುಡಿದು ಸಂಜೆ ಬೆಳಕಿನಲ್ಲಿ ನೀಲಿ ಹಸಿರಾಗಿ ಮಿನುಗುತ್ತವೆ. ಬುಸ್ ಬುಸ್ ಮನುಷ್ಯ ಬರುವುದಿಲ್ಲ. ಹುಡುಗಿಯರು ಪುಸ್ತಕ ಹಿಡಿದು ಅಡ್ಡಾಡುತ್ತಾ ಒಂದೊಂದು ಎಲೆ ಮುರಿದು ತಿನ್ನುತ್ತಾರೆ, ಬೆಳ್ಳುಳ್ಳಿ ಎಂದು ಮುಖ ಸಿಂಡರಿಸುತ್ತಾರೆ, ಆದರೂ ತಿನ್ನುತ್ತಾರೆ. ಆ ಸದ್ದು ಈಗ ನನ್ನನ್ನು ಕಾಡುವುದಿಲ್ಲ. ನನ್ನನ್ನು ಕಾಡುವುದು ಈ ಒಂದು ಸಾಲು. ಇದನ್ನು ಹುಳು ತಿನ್ನಬೇಕು. ಚೆನ್ನಾಗಿ, ಹೊಟ್ಟೆ ತುಂಬ, ಜಾಲರಿಯಾಗುವ ಹಾಗೆ ತಿನ್ನಬೇಕು. ಆದರೆ ಜಗತ್ತು ತಿನ್ನಲು ಬಿಟ್ಟರೆ ತಾನೇ?

"ಮೇಡಂ, ಒಂದೇ ಒಂದು ತೆಗೀತೀನಿ, ತುಂಬಾ ದಪ್ಪ ಆಗಿದೆ," ಎಂದು ಒಬ್ಬಳು ಬರುತ್ತಾಳೆ. ಅಟ್ಟುತ್ತೇನೆ. "ಸುಮ್ಮನೆ ನಿನ್ನ ನೋಡೋಣ ಅಂತ ಬಂದೆ," ಎಂದು ಅತ್ತೆ ಮುಚ್ಚಿದ ಪಾತ್ರೆ ಹಿಡಿದು ಬರುತ್ತಾರೆ. ಪಾತ್ರೆಯ ಮುಚ್ಚಳ ತೆಗೆದು ಮೂಸಿ, ಬೇವಿನ ವಾಸನೆ ಬಂದರೆ ಗೇಟಿನಿಂದಲೇ ಹಿಂದಕ್ಕೆ ಕಳಿಸುತ್ತೇನೆ. ಗಂಡ ಬಂದರೆ ಮೊದಲು ಜೇಬು ತಪಾಸಣೆ.

"ನಮ್ಮ ಮನೆಯವಳು ಹೀಗಾಗ್ತಾಳೆ ಅಂತ ಗೊತ್ತಿರಲಿಲ್ಲ," ಎಂದು ಅವರು ಗೇಟಿನಾಚೆ ನಿಂತು ಅಮ್ಮನಿಗೆ ಹೇಳುವುದು ನನಗೆ ಕೇಳಿಸುತ್ತದೆ.

ನಿನ್ನೆ ಸಂಜೆ ಒಂದು ಗುಬ್ಬಿ ಬಂತು. ಬೇಲಿಯ ಮೇಲೆ ಕೂತು ತಲೆ ಓರೆ ಮಾಡಿ ಸಾಲನ್ನು ನೋಡಿತು, ಸರ್ರನೆ ಇಳಿದು ಎಲ್ಲಕ್ಕಿಂತ ಕೊಬ್ಬಿದ ಹುಳುವನ್ನೇ ಕಚ್ಚಿಕೊಂಡಿತು. ನಾನು ಸ್ಟೂಲು ಬೀಳಿಸಿಕೊಂಡು ಎದ್ದು, ಚಪ್ಪಲಿ ಕೈಗೆತ್ತಿಕೊಂಡು ಬೇಲಿಯವರೆಗೆ ಓಡಿದೆ. ಅದು ಹುಳುವನ್ನು ಬಿಟ್ಟು ಹಾರಿತು. ಬಿದ್ದ ಹುಳುವನ್ನು ಒಂದು ಎಲೆಯ ತುಂಡಿನ ಮೇಲೆ ಮೆಲ್ಲಗೆ ಹತ್ತಿಸಿಕೊಂಡು, ಸಾಲಿನಲ್ಲಿ ನೆರಳಿರುವ ಕಡೆ, ಒಂದು ಎಳೆಯ ಎಲೆ ನೋಡಿ ಬಿಟ್ಟೆ. ಅದು ಸುಧಾರಿಸಿಕೊಂಡು ತಿನ್ನಲು ಶುರುಮಾಡುವವರೆಗೆ ಬಗ್ಗಿಯೇ ನಿಂತಿದ್ದೆ.

ಹಾಸ್ಟೆಲಿನ ಅಡುಗೆಯಾಕೆ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು.

"ಏನ್ ಮೇಡಂ, ಹುಳ ಮೇಯಿಸ್ತಿದ್ದೀರಾ?"

ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಹೂಂ," ಎಂದೆ.

"ಕತ್ತಲಾದ್ಮೇಲೆ ಮನೆಗೆ ಹೊಡ್ಕೊಂಡು ಹೋಗ್ತೀರೋ, ಇಲ್ಲೇ ಬಿಡ್ತೀರೋ?"

ಉತ್ತರ ಕೊಡಲು ಪುರುಸೊತ್ತಾಗಲಿಲ್ಲ. ಗುಬ್ಬಿ ಈ ಸಲ ಇನ್ನೊಂದನ್ನು ಕರೆದುಕೊಂಡು ಬಂದಿತ್ತು.